ಹೊತ್ತು ಮುಳುಗುವ ಮೊದಲು ಉಣ್ಣುತ್ತಿದ್ದ ಟೀಚರ್

ಮೊನ್ನೆ ನಮ್ಮ ಸಣ್ಣವಳು ಕಾಲೇಜಿನ ಶಿಬಿರಕ್ಕೆಂದು ಚೀಲ ತುಂಬಿಸುತ್ತಿದ್ದಳು. ಯಾವುದೋ ಹಳ್ಳಿಯ ಮೈದಾನದಲ್ಲಿ ಕೆಲವು ದಿನ ಎಲ್ಲರೂ ಒಟ್ಟಿಗೆ ಇರುವುದಂತೆ, ಒಟ್ಟಿಗೆ ಕೆಲಸ, ಒಟ್ಟಿಗೆ ಅಡುಗೆಯಂತೆ. “ಬಟ್ಟಲು, ಲೋಟ, ಚಾಪೆ ತೆಗೆದುಕೊಂಡೆಯಾ?” ಎಂದು ಕೇಳಿದೆ. “ಅಜ್ಜೀ, ಬಟ್ಟಲು ತರ್ಲಿಕ್ಕೆ ಹೇಳಿದ್ದಾರೇಂತ ನಿಮಗೆ ಹೇಗೆ ಗೊತ್ತು?” ಎಂದು ಅವಳು ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ನನ್ನನ್ನು ನೋಡಿದಳು. ನಾನೂ ಒಂದು ಸಲ ಇಂಥ ಶಿಬಿರಕ್ಕೆ ಹೋಗಿದ್ದೆ, ಅಲ್ಲಿ ಎದ್ದು ನಿಂತು ಮಾತಾಡಿದ್ದೆ ಕೂಡ ಎಂದರೆ ನಂಬಲೇ ಇಲ್ಲ. ನಂಬದಿರುವುದು ಅವಳ ತಪ್ಪಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಸಾರಿನವನು ನನ್ನನ್ನು ಬಿಟ್ಟು ಮುಂದೆ ಹೋದರೆ, ಕರೆಯಲು ನಾಚಿ ಬರಿಯ ಅನ್ನ ಉಂಡು ಏಳುವ ಅಜ್ಜಿಯನ್ನು ನೋಡಿಕೊಂಡು ಬೆಳೆದವರು ನೀವು ಮೊಮ್ಮಕ್ಕಳೆಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ನನ್ನ ಮಾತು ಇನ್ನೂ ಕಡಿಮೆಯಾಗಿದೆ. ಹಾಗಾಗಿ ಬರೆದಿಡುತ್ತೇನೆ. ಆದರೆ ಇದು ನನ್ನ ಕತೆಗಿಂತ ಹೆಚ್ಚು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ ಟೀಚರ ಕತೆ.

ಅವರ ಹೆಸರು ಬರೆಯುವುದಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಯಾರಾದರೂ ತಮ್ಮ ಹೆಸರು ಹೇಳಿ ಹೊಗಳಿದರೂ ಎದ್ದು ಹೊರಗೆ ಹೋಗಿ, ನೀರಿನ ಕೊಡ ತುಂಬಿದೆಯೋ ಎಂದು ನೋಡುತ್ತ ನಿಲ್ಲುತ್ತಿದ್ದ ಹೆಂಗಸು ಅವರು. ನಮಗೆಲ್ಲ ಅವರು ಟೀಚರ್, ಅಷ್ಟೆ. ಈಗ ಅವರಿಲ್ಲ. ಹೋಗಿ ಬಹಳ ವರ್ಷವಾಯಿತು.

ಮೂಡಬಿದ್ರೆಯ ಜೈನರ ಮನೆಯವರು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಹೋದರು. ತಂದೆ ಧೈರ್ಯ ಮಾಡಿ ಮಗಳನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದರು. ನಾನು ಮದುವೆಯಾಗಿ ವೇಣೂರಿಗೂ ಗುರುವಾಯನಕೆರೆಗೂ ನಡುವಿನ ಈ ಊರಿಗೆ ಬಂದಾಗ ಅವರು ಇಲ್ಲಿಯ ಶಾಲೆಗೆ ಆಗಲೇ ಬಂದಾಗಿತ್ತು. ನಮ್ಮ ಅಂಗಳದ ಆಚೆ ಬದಿಯಲ್ಲಿ, ಭತ್ತದ ಕೋಣೆಯ ಪಕ್ಕದಲ್ಲಿ ಒಂದು ಸಣ್ಣ ಕೋಣೆ ಇತ್ತಲ್ಲ, ನೀವು ಸೈಕಲ್ ಇಡುತ್ತಿದ್ದದ್ದು, ಅದೇ ಅವರ ಬಿಡಾರ. ಒಬ್ಬರೇ ಇದ್ದರು, ಒಬ್ಬರೇ ಬೇಯಿಸಿಕೊಳ್ಳುತ್ತಿದ್ದರು. ಶನಿವಾರ ಮಧ್ಯಾಹ್ನ ಕೊಡೆ ಹಿಡಿದು ಮೂಡಬಿದ್ರೆಗೆ ಹೊರಟರೆ ಸೋಮವಾರ ಶಾಲೆಯ ಗಂಟೆಗೆ ಮೊದಲು ಅದೇ ಕೊಡೆ ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ಕಾಣುತ್ತಿತ್ತು. ಉದ್ದ, ತೆಳ್ಳಗೆ, ಯಾವಾಗಲೂ ತಡವಾಯಿತು ಎನ್ನುವಂಥ ನಡಿಗೆ. ತಡವಾದದ್ದನ್ನು ಮಾತ್ರ ನಾನು ಕಂಡಿಲ್ಲ. ಬಳಪ ಗೋಧಿಕಾಳಿನಷ್ಟಾಗುವವರೆಗೆ ಬಿಡುತ್ತಿರಲಿಲ್ಲವಾದ್ದರಿಂದ ಉಗುರುಗಳು ಸದಾ ಬೆಳ್ಳಗೆ.

ಪಾಠ ಒಪ್ಪಿಸುವಾಗ ಮಗು ತಡವರಿಸಿದರೆ ಬೇರೆ ಮಾಸ್ತರರು ಬೆತ್ತ ಹುಡುಕುತ್ತಿದ್ದರು. ಟೀಚರ್ ಕೈ ಕಟ್ಟಿಕೊಂಡು, “ದಾರಿಯಲ್ಲಿ ಉಂಟು, ಬರ್ತದೆ” ಎಂದು ಕಾಯುತ್ತಿದ್ದರು. ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದರು. ಕೊನೆಗೆ ಮಗುವಿಗೇ ಸಾಕಾಗಿ ಪದ್ಯ ಬಂದುಬಿಡುತ್ತಿತ್ತು.

ಸುಳ್ಳು ಅವರ ಬಾಯಲ್ಲಿ ಇರಲಿಲ್ಲ. ಒಮ್ಮೆ ಒಬ್ಬ ಅಪ್ಪ ಮಗಳನ್ನು ಶಾಲೆ ಬಿಡಿಸಿ ದನ ಕಾಯಲು ಕಳಿಸುತ್ತೇನೆಂದು ಕೋಲು ಹಿಡಿದು ಬಂದ. ಹುಡುಗಿ ಟೀಚರ ಬೆನ್ನ ಹಿಂದೆ, ಸೆರಗಿನಡಿ. “ಅವಳು ಇಲ್ಲಿದ್ದಾಳಾ?” ಎಂದು ಅವನು ಬೊಬ್ಬೆ ಹಾಕಿದ. “ಇದ್ದಾಳೆ. ಆದ್ರೆ ಕೊಡುದಿಲ್ಲ” ಎಂದರು ಟೀಚರ್. ಅವನು ಕೋಲು ಕೆಳಗಿಳಿಸಿ ಬಂದ ದಾರಿಯಲ್ಲೇ ತಿರುಗಿದ. ಸುಳ್ಳು ಹೇಳಿದ್ದರೆ ಜಗಳ ಮಾಡಬಹುದಿತ್ತು.

ತಮಗಾಗಿ ಕೇಳುವುದೊಂದು ಅವರಿಗೆ ಬರುತ್ತಿರಲಿಲ್ಲ. ನಮ್ಮ ಅತ್ತೆಗೆ, ಅಂದರೆ ನಿಮ್ಮ ಮುತ್ತಜ್ಜಿಗೆ ಒಂದು ಕ್ರಮ ಇತ್ತು. ರಾತ್ರಿ ಎಲ್ಲರ ಊಟವಾಗಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚುವ ಮೊದಲು ಜಗಲಿಗೆ ಬಂದು ಅಂಗಳದ ಕಡೆಗೆ ತಿರುಗಿ, “ಉಣ್ಲಿಕ್ಕೆ ಯಾರಾದ್ರೂ ಬಾಕಿ ಉಂಟಾ?” ಎಂದು ಕೂಗುವುದು. ಗದ್ದೆ ಕೆಲಸದವರೋ, ದಾರಿಹೋಕರೋ, ಸಿಟ್ಟು ಮಾಡಿ ದನದ ಹಟ್ಟಿಯಲ್ಲಿ ಕೂತ ಮಕ್ಕಳೋ, ಯಾರಿದ್ದರೂ ಆಗ ಬರಬೇಕು. ಯಾರೂ ಉತ್ತರ ಕೊಡದಿದ್ದರೆ ಮಾತ್ರ ಬೂದಿ ಮುಚ್ಚುವುದು. ಟೀಚರ ಊಟ ಹೊತ್ತು ಮುಳುಗುವ ಮೊದಲೇ ಆಗಿರುತ್ತಿತ್ತು. ಅವರ ಧರ್ಮದ ಕ್ರಮ ಅದು, ಕತ್ತಲಾದ ಮೇಲೆ ಬಾಯಿಗೆ ಏನೂ ಇಲ್ಲ. ಆದರೂ ಕೋಣೆಯ ಒಳಗಿನಿಂದ ದಿನವೂ, “ನನ್ನದಾಯ್ತು!” ಎಂದು ಉತ್ತರ ಕೊಡುತ್ತಿದ್ದರು. ಅತ್ತೆಗೆ ಅದು ಕೇಳಬೇಕು. ಕೇಳದಿದ್ದರೆ ನಿದ್ದೆ ಇಲ್ಲ.

ಒಂದು ಸಲ ಅವರ ಕೋಣೆಯಲ್ಲಿ ಉಪ್ಪು ಮುಗಿದಿತ್ತು. ಹೊಳೆ ತುಂಬಿ ಪೇಟೆಗೆ ಹೋಗುವಂತಿರಲಿಲ್ಲ. ನಾಲ್ಕು ಹೆಜ್ಜೆ ಆಚೆ ನಮ್ಮ ಮನೆಯಲ್ಲಿ ದೊಡ್ಡ ಮರದ ಮರಿಗೆ ತುಂಬ ಉಪ್ಪಿತ್ತು. ಅವರು ಸಪ್ಪೆ ಗಂಜಿ ಉಂಡು ದಿನವೂ “ನನ್ನದಾಯ್ತು” ಎನ್ನುತ್ತಿದ್ದರು. ನಾನು ಏನೋ ಕೊಡಲು ಹೋದಾಗ ನೋಡಿಬಿಟ್ಟೆ. ಅತ್ತೆಗೆ ಗೊತ್ತಾಗಿ ಅಂಗಳದಲ್ಲೇ ನಿಂತು ಜೋರು ಮಾಡಿದರು.

“ಎಂತ ಟೀಚರೇ, ಉಪ್ಪು ಕೇಳಿದ್ರೆ ನಾವು ಸಮುದ್ರ ಕೇಳಿದ ಹಾಗೆ ಮಾಡ್ತೇವಾ?”

“ಹಾಗಲ್ಲ. ಉಪ್ಪಿಲ್ಲದೆಯೂ ಹೊಟ್ಟೆ ತುಂಬಿತು” ಎಂದರು ಟೀಚರ್. ಅದೂ ಸುಳ್ಳಲ್ಲ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಬೇಸಗೆಯ ಸುರುವಿಗೆ ಒಬ್ಬ ಹಿರಿಯರು ಖಾದಿ ಉಟ್ಟು, ಊರಿಂದೂರಿಗೆ ನಡೆದುಕೊಂಡು ನಮ್ಮ ಶಾಲೆಗೂ ಬಂದರು. ಬಂಟ್ವಾಳದ ಹೊಳೆಯಾಚೆ, ನರಿಕೊಂಬಿನ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಕೂಡಿ ಬಾಳುವುದನ್ನು ಕಲಿಯುವ ಒಂದು ಶಿಬಿರ ಎಂದರು. ಜಾತಿ ಕೇಳುವಂತಿಲ್ಲ. ಬೆಳಿಗ್ಗೆ ಎಲ್ಲರೂ ಸೇರಿ ಹೊಳೆಗೆ ಇಳಿಯುವ ದಾರಿ ಕಡಿಯುವುದು, ಒಂದೇ ಒಲೆಯಲ್ಲಿ ಬೇಯಿಸಿ ಒಂದೇ ಸಾಲಿನಲ್ಲಿ ಉಣ್ಣುವುದು, ಸಂಜೆ ಒಬ್ಬೊಬ್ಬರು ತಮ್ಮ ಊರಿನ, ಮನೆಯ ಅನುಭವ ಹೇಳುವುದು. ಊರಿಗೆ ಇಬ್ಬರು ಹೆಂಗಸರಾದರೂ ಬರಬೇಕು.

ಗಂಡಸರೆಲ್ಲ ತಲೆ ಆಡಿಸಿದರು. ಹೆಂಗಸರು ನೆಲ ನೋಡಿದರು. ಟೀಚರ್, “ನಾನು ಬರ್ತೇನೆ” ಎಂದರು. ಆಮೇಲೆ, ಕಂಬದ ಹಿಂದೆ ನಿಂತಿದ್ದ ನನ್ನನ್ನು ತೋರಿಸಿ, “ಇವಳೂ ಬರ್ತಾಳೆ. ಇವಳ ಮನೆಯಲ್ಲಿ ಅಷ್ಟು ಜನ ಒಂದೇ ಒಲೆಯಲ್ಲಿ ಉಣ್ತಾರೆ. ಕೂಡಿ ಬಾಳುದು ಹೇಗೇಂತ ಇವಳೇ ಹೇಳ್ಲಿ” ಎಂದುಬಿಟ್ಟರು. ಹಿರಿಯರು ಸಂತೋಷದಿಂದ ನನಗೆ ಕೈ ಮುಗಿದರು. ನಾನು ಕಂಬದ ಹಿಂದೆ ಇನ್ನಷ್ಟು ಸರಿದೆ.

ಮನೆಗೆ ಬರುವ ದಾರಿಯಲ್ಲಿ, “ಟೀಚರ್, ನನ್ನಿಂದ ಆಗ್ಲಿಕ್ಕಿಲ್ಲ” ಎಂದೆ.

“ಎಂತ ಆಗ್ಲಿಕ್ಕಿಲ್ಲ? ಹೋಗ್ಲಿಕ್ಕಾ, ಮಾತಾಡ್ಲಿಕ್ಕಾ?”

“ಮಾತಾಡ್ಲಿಕ್ಕೆ.”

“ಹಾಗಾದ್ರೆ ಹೋಗ್ಲಿಕ್ಕೆ ಆಗ್ತದೆ. ಅರ್ಧ ಆಯ್ತಲ್ಲ ಮಾರಾಯ್ತಿ!”

ನನಗೆ ಇದ್ದ ಒಂದೇ ಆಸೆ ಮನೆಯಲ್ಲಿ ಬಿಡಲಿಕ್ಕಿಲ್ಲ ಎಂಬುದು. ನಿಮ್ಮ ಅಜ್ಜನನ್ನು ಕೇಳಿದರೆ, “ಅಮ್ಮ ಒಪ್ಪಿದ್ರೆ ಹೋಗು” ಎಂದರು. ಅತ್ತೆಯನ್ನು ಕೇಳಿದರೆ, “ಅವನು ಒಪ್ಪಿದ್ರೆ ನನ್ನದೆಂತ?” ಹೀಗೆ ಇಬ್ಬರ ನಡುವೆ ಓಡಾಡುತ್ತ ಶಿಬಿರದ ದಿನ ದಾಟಿಹೋಗಲಿ ಎಂದು ನಾನು ಹಾರೈಸುತ್ತಿದ್ದೆ. ಟೀಚರಿಗೆ ಅದು ಗೊತ್ತಾಯಿತೋ ಏನೋ, ಒಂದು ಸಂಜೆ ತಮ್ಮ ಊಟ ಮುಗಿಸಿ, ಬಟ್ಟಲು ತೊಳೆದಿಟ್ಟು, ಇಬ್ಬರೂ ಜಗಲಿಯಲ್ಲಿ ಕೂತಿರುವ ಹೊತ್ತಿಗೇ ಬಂದರು.

ಅತ್ತೆ ಎಲೆಯಡಿಕೆ ಮೆಲ್ಲುತ್ತ, “ಅಲ್ಲ ಟೀಚರೇ, ನಮ್ಮ ಮನೆಯಲ್ಲಿ ಕೂಡಿ ಬಾಳುದು ಸಾಲದೂಂತ ಬಂಟ್ವಾಳಕ್ಕೆ ಹೋಗಿ ಕಲೀಬೇಕಾ?” ಎಂದರು.

“ಕಲೀಲಿಕ್ಕಲ್ಲ, ಕಲಿಸ್ಲಿಕ್ಕೆ. ನಿಮ್ಮ ಮನೆ ಹೇಗೆ ನಡೀತದೇಂತ ಇವಳು ಅಲ್ಲಿ ಎದ್ದು ನಿಂತು ಹೇಳ್ತಾಳೆ.”

ಅತ್ತೆಯ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. “ನಮ್ಮ ಮನೆ ಬಗ್ಗೆಯಾ? ನನ್ನ ಬಗ್ಗೆಯೂ ಹೇಳ್ತಾಳಾ?”

“ಮನೆ ಅಂದ್ರೆ ನೀವೇ ಅಲ್ವಾ?”

ಅಲ್ಲಿಗೆ ಅಪ್ಪಣೆ ಆಯಿತು. ನಿಮ್ಮ ಅಜ್ಜ ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಒಂದೇ ಒಂದು ಮಾತು ಅತ್ತೆ ಮಾರನೆಯ ದಿನ ಬಾವಿಕಟ್ಟೆಯಲ್ಲಿ ನನ್ನೊಬ್ಬಳಿಗೇ ಹೇಳಿದರು: “ಅಲ್ಲಿ ಯಾರ ಪಕ್ಕ ಕೂತು ಉಂಡೇಂತ ಬಂದು ನನಗೆ ಹೇಳ್ಬೇಡ. ಕೇಳಿದ್ರೆ ಮಿಂದು ಬಾ ಅಂತ ಹೇಳ್ಬೇಕಾಗ್ತದೆ. ಕೇಳದಿದ್ರೆ ಎಂತದೂ ಇಲ್ಲ.” ಅತ್ತೆ ಆ ಕಾಲಕ್ಕೆ ಹೋಗಬಹುದಾದಷ್ಟು ದೂರ ಹೋಗಿದ್ದರು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಸುರುವಾಯಿತು ನನ್ನ ಭಾಷಣದ ಅಭ್ಯಾಸ. ನಮ್ಮ ಮನೆಮಾತು ತುಳು. ಕನ್ನಡ ಏನಿದ್ದರೂ ನಾನು ಐದನೆಯ ಕ್ಲಾಸಿನವರೆಗೆ ಪುಸ್ತಕದಲ್ಲಿ ಕಂಡದ್ದು. ಟೀಚರ್ ವಾಕ್ಯ ಹೇಳಿಕೊಟ್ಟರು: “ನಮಸ್ಕಾರ. ನಮ್ಮದು ದೊಡ್ಡ ಕುಟುಂಬ. ನಮ್ಮಲ್ಲಿ ಹಿರಿಯರಿಗೆ ಗೌರವವೂ ಕಿರಿಯರಿಗೆ ಪ್ರೀತಿಯೂ ಉಂಟು.” ಹಟ್ಟಿಯಲ್ಲಿ ಎಮ್ಮೆಯ ಮುಂದೆ ನಿಲ್ಲಿಸಿ, ತಾವು ಗದ್ದೆಯ ಆಚೆ ಹುಣಿಯ ಮೇಲೆ ಕೂತು, “ಕೇಳುದಿಲ್ಲ!” ಎಂದು ಕೂಗುತ್ತಿದ್ದರು. ನಾನು ಮತ್ತೆ ಹೇಳುತ್ತಿದ್ದೆ. “ಎಮ್ಮೆಗೂ ಕೇಳುದಿಲ್ಲ!” ನಿಜ, ಎಮ್ಮೆ ಮೆಲುಕು ಹಾಕುವುದನ್ನು ಬಿಟ್ಟು ಒಮ್ಮೆಯೂ ತಲೆ ಎತ್ತಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಅತ್ತೆಯೂ ಬಂದು ಒರಳುಕಲ್ಲಿನ ಮೇಲೆ ಕೂರತೊಡಗಿದರು.

“ಅತ್ತೆ ಎಲ್ಲರಿಗೂ ಬಡಿಸಿ ಕಡೆಗೆ ಉಣ್ತಾರೆ ಅಂತ ಸೇರಿಸು.”

“ಅತ್ತೇ, ನೀವು ಮಕ್ಕಳೊಟ್ಟಿಗೆ ಮೊದಲೇ ಉಣ್ತೀರಲ್ಲ” ಎಂದು ನನ್ನ ಬಾಯಿಗೆ ಬಂದು ಹಾಗೆಯೇ ಒಳಗೆ ಹೋಯಿತು. ಟೀಚರ್ ಮಾತ್ರ, “ಅದು ಬೇಡ, ಬೇರೆ ಎಂತ ಉಂಟು ನೋಡುವ” ಎಂದರು. ಅತ್ತೆ ಸ್ವಲ್ಪ ಯೋಚಿಸಿ, “ನಾನು ಯಾರಿಗೂ ಬೈಯುದಿಲ್ಲ ಅಂತ ಹೇಳು” ಎಂದರು. ಟೀಚರಿಗೆ ಕೆಮ್ಮು ಬಂದು ಗದ್ದೆಯ ಕಡೆಗೆ ಎದ್ದು ಹೋದರು.

ಕಡೆಗೆ ಅಂಗಳ ಗುಡಿಸುವುದು, ಗದ್ದೆಯಲ್ಲಿ ನೇಜಿ ನೆಡುವುದು, ಒಬ್ಬರ ಮಗುವಿಗೆ ಇನ್ನೊಬ್ಬರು ಹಾಲು ಕೊಡುವುದು, ಇಂಥದೆಲ್ಲ ಸೇರಿ ಒಂದು ಭಾಷಣ ಆಯಿತು. ಬೆಳಿಗ್ಗೆ ಬಾಯಿಪಾಠ, ಸಂಜೆ ಮರೆವು. “ದಾರಿಯಲ್ಲಿ ಉಂಟು, ಬರ್ತದೆ” ಎನ್ನುತ್ತಿದ್ದರು ಟೀಚರ್. ಜ್ವರವಾದರೂ ಬರಬಾರದೇ ಎಂದು ತಣ್ಣೀರಲ್ಲಿ ತಲೆಗೆ ಮಿಂದೆ. ಅದೂ ಬರಲಿಲ್ಲ.

ಹೊರಡುವ ಮುಂಚಿನ ದಿನ ನನ್ನ ಕಂಚಿನ ಬಟ್ಟಲು, ಲೋಟ, ಚಾಪೆ, ಮನೆಯ ಪಾಲಿನ ಅಕ್ಕಿ ಎಲ್ಲ ಕಟ್ಟಿಯಾಯಿತು. ಟೀಚರ ಗಂಟಿನಲ್ಲಿ ನೀರು ಸೋಸುವ ಬಿಳಿಬಟ್ಟೆಯ ತುಂಡೂ ಮಾವಿನ ಮಿಡಿ ಉಪ್ಪಿನಕಾಯಿಯ ಒಂದು ಭರಣಿಯೂ ಇದ್ದವು. ಸೋಸದ ನೀರು ಅವರು ಕುಡಿಯುತ್ತಿರಲಿಲ್ಲ. “ನೀರುಳ್ಳಿ, ಬಟಾಟೆ ಅಂತ ಅಲ್ಲಿ ಎಂತೆಲ್ಲ ಹಾಕ್ತಾರೋ, ನೀವು ಉಣ್ಣುದು ಹೇಗೆ?” ಎಂದು ಅತ್ತೆ ಕೇಳಿದರು. “ಅನ್ನ ಉಂಟಲ್ಲ, ಉಪ್ಪಿನಕಾಯಿ ಉಂಟಲ್ಲ” ಎಂದರು ಟೀಚರ್. “ನನ್ನ ನಿಯಮ ನನ್ನ ಹೊಟ್ಟೆಗೆ. ಬೇರೆಯವರ ಒಲೆಗೆ ಅಲ್ಲ.” ಸಂಜೆಯ ಊಟದ ಹೊತ್ತು ಯಾವುದೆಂದು ಕೇಳಲು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಗುರುವಾಯನಕೆರೆಗೆ ನಡೆದು ಹೋದೆವು. ಬಂಟ್ವಾಳದ ಬಸ್ಸು ಬಂತು, ಬಾಗಿಲಲ್ಲೂ ಜನ, ನಿಲ್ಲಿಸದೆ ಹೋಯಿತು. ನನ್ನ ಜೀವಕ್ಕೆ ತಂಪಾಯಿತು. “ಟೀಚರ್, ಇನ್ನು ಮನೆಗೆ ಹೋಗುವ” ಎಂದೆ. ಅವರು ಗಂಟಿನ ಮೇಲೆ ಕೂತು ಕೊಡೆ ಬಿಡಿಸಿದರು. “ಇನ್ನೊಂದು ದಾರಿಯಲ್ಲಿ ಉಂಟು, ಬರ್ತದೆ.” ಬಂತು. ಬಂಟ್ವಾಳ ಪೇಟೆಯಲ್ಲಿ ಇಳಿದು, ದೋಣಿಯಲ್ಲಿ ನೇತ್ರಾವತಿ ದಾಟಿ, ಮರಳಿನಲ್ಲಿ ಕಾಲು ಸುಟ್ಟುಕೊಂಡು ಆ ಗದ್ದೆಗೆ ಮುಟ್ಟಿದೆವು.

ತೆಂಗಿನ ಮಡಲಿನ ಉದ್ದದ ಚಪ್ಪರ. ಹೆಂಗಸರಿಗೆ ಒಂದು ಬದಿ, ಗಂಡಸರಿಗೆ ಇನ್ನೊಂದು ಬದಿ. ಬಂಟ್ವಾಳದ ಹೊಟೇಲಿನವರೊಬ್ಬರು ಹೊಟೇಲು ತಮ್ಮನಿಗೆ ಬಿಟ್ಟು ಅಡುಗೆ ನೋಡಿಕೊಳ್ಳಲು ಬಂದಿದ್ದರು. ಎದೆಯವರೆಗೆ ಬರುವ ಸೌಟು, ಬಾಯಲ್ಲಿ ಯಾವಾಗಲೂ ಪಿರಿಪಿರಿ ಗೊಣಗು. ಬೆಳಿಗ್ಗೆ ಗಂಜಿ ಕುಡಿದು ಮಣ್ಣು ಹೊರಲು ಹೋಗುವುದು. ಮಧ್ಯಾಹ್ನ ಊಟಕ್ಕೆ ನನ್ನ ಒಂದು ಪಕ್ಕ ಟೀಚರ್, ಇನ್ನೊಂದು ಪಕ್ಕ ಬುಟ್ಟಿ ಹೆಣೆಯುವ ಒಬ್ಬ ಹೆಂಗಸು. ನಾವು ಮೂವರೂ ಟೀಚರ ಭರಣಿಯ ಮಿಡಿ ಹಂಚಿಕೊಂಡೆವು. ಆಚೆಯವರೂ ಬಟ್ಟಲು ಚಾಚಿದರು. ಮೊದಲ ಊಟಕ್ಕೇ ಭರಣಿಯ ತಳ ಕಂಡಿತು. ಮತ್ತೆ ಟೀಚರಿಗೆ ಉಳಿದದ್ದು ಅನ್ನ ಮತ್ತು ಉಪ್ಪು.

ಸಂಜೆಯ ಅನುಭವ ಹೇಳುವ ಸಭೆ ಬಿಸಿಲು ತಣಿದ ಮೇಲೆ ಸುರುವಾಗುತ್ತಿತ್ತು. ಕೂಡಿ ಬಾಳುವುದರ ಬಗ್ಗೆ ಗಂಡಸರಿಗೆ ಹೇಳಲು ಬಹಳ ಇತ್ತು. ಒಬ್ಬರು ಮುಗಿಸಿದರೆ ಇನ್ನೊಬ್ಬರು. ಹೊತ್ತು ಮುಳುಗಿ, ಗ್ಯಾಸ್ ಲೈಟು ಹೊತ್ತಿಸಿ, ಅದಕ್ಕೆ ಹುಳ ಮುತ್ತಿ, ಮಕ್ಕಳು ಅಳತೊಡಗಿದ ಮೇಲೆ ಊಟ. ಮೊದಲ ದಿನ ಟೀಚರ್ ನನ್ನ ಪಕ್ಕದಲ್ಲಿ ಕೂರಲಿಲ್ಲ. ಸೌಟು ಹಿಡಿದು ಬಡಿಸುತ್ತಿದ್ದರು. ಎರಡನೆಯ ದಿನವೂ ಬಡಿಸುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು “ನಮ್ಮದು ದೊಡ್ಡ ಕುಟುಂಬ” ಒಂದೇ. ನನ್ನ ಸರದಿ ಮೂರನೆಯ ದಿನ ಎಂದು ಹೇಳಿದ್ದರು.

ಮೂರನೆಯ ಬೆಳಿಗ್ಗೆ ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ನಾನು ಚಾಚಿದ ಬುಟ್ಟಿಯನ್ನು ಹಿಡಿಯಲು ಟೀಚರ ಕೈ ಬರಲಿಲ್ಲ. ನೋಡಿದರೆ ಅವರು ದಂಡೆಯ ಮೇಲೆ ಕೂತಿದ್ದರು, ತಲೆ ಮೊಣಕಾಲಿನ ಮೇಲೆ.

“ಎಂತಾಯ್ತು ಟೀಚರ್?”

“ಸ್ವಲ್ಪ ಕೂತೆ. ಈಗ ಏಳ್ತೇನೆ.”

ಬಿಸಿಲು ಇನ್ನೂ ಏರಿರಲಿಲ್ಲ, ಸುಸ್ತಾಗುವ ಹೊತ್ತಲ್ಲ. ಬುಟ್ಟಿ ಹೆಣೆಯುವ ಹೆಂಗಸು ಮೆಲ್ಲಗೆ, “ಅಕ್ಕಾ, ಇವರು ರಾತ್ರಿ ಉಂಡದ್ದು ನೀನು ನೋಡಿದ್ದೀಯಾ? ನಾನು ನೋಡ್ಲಿಲ್ಲ” ಎಂದಳು. ಆಗ ನನಗೆ ಹೊಳೆಯಿತು. ಬಂದಾಗಿನಿಂದ ಅವರಿಗೆ ರಾತ್ರಿಯ ಊಟ ಇಲ್ಲ. ಶಿಬಿರ ಮುಗಿಯಲು ಇನ್ನೂ ದಿನಗಳಿದ್ದವು.

“ಹಿರಿಯರಿಗೆ ಹೇಳುವ ಟೀಚರ್. ಊಟ ಸ್ವಲ್ಪ ಬೇಗ ಮಾಡ್ಲಿ.”

“ಸುಮ್ಮನಿರು. ಇಷ್ಟು ಜನಕ್ಕೆ ನನ್ನ ಹೊಟ್ಟೆಯ ಗಡಿಯಾರ ಕಟ್ಟುದಾ?” ಎಂದು ಅವರು ಎದ್ದು ನಿಂತು ಸೀರೆಯ ಮಣ್ಣು ಕೊಡವಿದರು. “ನಿನ್ನ ಭಾಷಣ ಒಮ್ಮೆ ಹೇಳು ನೋಡುವ.”

ಆ ದಿನ ಸಂಜೆ ಹಿರಿಯರು, “ಇವತ್ತು ಮೊದಲು ತಾಯಂದಿರು” ಎಂದು ನನ್ನನ್ನೇ ಕರೆದರು. ಹೇಗೆ ಎದ್ದೆ, ಹೇಗೆ ಮುಂದೆ ಹೋದೆ ಎಂದು ನನಗೆ ಗೊತ್ತಿಲ್ಲ. ಎದುರಿಗೆ ಗದ್ದೆ ತುಂಬ ಮುಖಗಳು. ಎಮ್ಮೆಯ ಮುಖ ಒಂದೇ ಇತ್ತು, ಇಲ್ಲಿ ಲೆಕ್ಕ ಇಲ್ಲ.

“ನಮಸ್ಕಾರ” ಎಂದೆ. “ನಮ್ಮದು ದೊಡ್ಡ ಕುಟುಂಬ” ಎಂದೆ.

ಮುಂದೆ ಇಲ್ಲ. ನೇಜಿಯೂ ಇಲ್ಲ, ಅಂಗಳವೂ ಇಲ್ಲ, ಹಿರಿಯರಿಗೆ ಗೌರವವೂ ಇಲ್ಲ. ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿದರು. ಹೆಂಗಸರ ಸಾಲಿನಿಂದ ಟೀಚರ ಸ್ವರ ಮೆಲ್ಲಗೆ ಬಂತು: “ದಾರಿಯಲ್ಲಿ ಉಂಟು, ಬರ್ತದೆ.”

ನಾನು ಅವರ ಕಡೆ ನೋಡಿದೆ. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ಆದರೂ ಕೈ ಕಟ್ಟಿಕೊಂಡು, ಕ್ಲಾಸಿನಲ್ಲಿ ಕಾಯುವ ಹಾಗೆಯೇ ಕಾಯುತ್ತಿದ್ದರು. ಅವರ ತಲೆಯ ಆಚೆ, ಹೊಳೆಯ ಪಡುವಣ ತಿರುವಿನಲ್ಲಿ ಸೂರ್ಯ ತೆಂಗಿನ ಮರಗಳಿಂದ ಒಂದಾಳು ಮೇಲೆ ಇದ್ದ. ಈಚೆ ಒಲೆಯ ಹತ್ತಿರ ಅನ್ನ ಆಗಿ, ಬಾಳೆಲೆ ಮುಚ್ಚಿಟ್ಟದ್ದು ಕಾಣುತ್ತಿತ್ತು. ಹೊಟೇಲಿನವರು ಸೌಟಿಗೆ ಗಲ್ಲ ಊರಿ ನಿಂತಿದ್ದರು. ಆಗ ನನ್ನ ಬಾಯಿಂದ ಬಂದದ್ದು ಟೀಚರ್ ಕಲಿಸಿದ ಕನ್ನಡವಲ್ಲ, ನಮ್ಮ ತುಳು. ಅದನ್ನೇ ನಿಮಗೆ ಕನ್ನಡದಲ್ಲಿ ಬರೆಯುತ್ತೇನೆ.

“ನಮ್ಮ ಮನೆಯಲ್ಲಿ ಒಲೆಗೆ ಬೂದಿ ಮುಚ್ಚುವ ಮೊದಲು ನಮ್ಮ ಅತ್ತೆ ಜಗಲಿಗೆ ಬಂದು, ‘ಉಣ್ಲಿಕ್ಕೆ ಯಾರಾದ್ರೂ ಬಾಕಿ ಉಂಟಾ’ ಅಂತ ಕೂಗ್ತಾರೆ. ಇಲ್ಲಿ ಯಾರೂ ಕೂಗುದಿಲ್ಲ. ನಮ್ಮ ಟೀಚರ್ ಬಾಕಿ ಇದ್ದಾರೆ. ಅವರು ಹೊತ್ತು ಮುಳುಗಿದ ಮೇಲೆ ಉಣ್ಣುದಿಲ್ಲ. ಬಂದಾಗಿನಿಂದ ರಾತ್ರಿ ಉಂಡಿಲ್ಲ. ಈಗ ಹೊತ್ತು ಉಂಟು, ಅನ್ನವೂ ಆಗಿದೆ. ಮೊದಲು ಉಣ್ಣುವ. ಆಮೇಲೆ ಮಾತಾಡುವ.”

ಇಷ್ಟು ಹೇಳಿ ಅಲ್ಲೇ ಕೂತುಬಿಟ್ಟೆ.

ಟೀಚರ್ ಸೆರಗು ಮುಖಕ್ಕೆ ಎಳೆದುಕೊಂಡಿದ್ದರು. ಮೊದಲು ಸದ್ದು ಮಾಡಿದ್ದು ಹೊಟೇಲಿನವರು. ಸೌಟಿನಿಂದ ಕೊಪ್ಪರಿಗೆಗೆ ಠಣ್ಣೆಂದು ಬಾರಿಸಿದರು. “ನಾನು ಬಂದ ದಿನವೇ ಹೇಳ್ಬೇಕೂಂತ ಇದ್ದೆ ಮಾರಾಯ್ರೆ! ಅನ್ನ ತಣ್ಣಗಾಗಿ ಕಲ್ಲಾಗ್ತದೆ, ಸಾರಿಗೆ ಹುಳ ಬೀಳ್ತದೆ, ಯಾರಿಗೆ ಹೇಳುದು?” ಮಗು ಎತ್ತಿಕೊಂಡ ಹೆಂಗಸೊಬ್ಬಳು, “ಹೌದು, ಮಕ್ಕಳು ಉಣ್ಣದೆ ನಿದ್ದೆ ಹೋಗ್ತಾವೆ” ಎಂದಳು. ಗಂಡಸರ ಕಡೆಯಿಂದ ಒಬ್ಬರು, “ಹಸಿವು ನನಗೂ ಆಗ್ತದೆ, ಭಾಷಣ ಮಾಡುವವರಿಗೆ ಮಾತ್ರ ಆಗುದಿಲ್ಲ” ಎಂದರು. ಗದ್ದೆ ಇಡೀ ನಕ್ಕಿತು. ಹಿರಿಯರೂ ನಕ್ಕರು. “ಇವತ್ತಿನ ಭಾಷಣ ಆಯ್ತು. ಏಳಿ, ಬಟ್ಟಲು ತನ್ನಿ” ಎಂದರು. ಆಮೇಲೆ ಟೀಚರ ಮುಂದೆ ಹೋಗಿ, “ತಾಯೀ, ಹೇಳಬಾರದಿತ್ತೇ?” ಎಂದು ಕೈ ಮುಗಿದರು. ಟೀಚರಿಗೆ ಆಗ ನೀರಿನ ಕೊಡ ನೋಡುವ ನೆನಪಾಯಿತು. ಆದರೆ ಬುಟ್ಟಿ ಹೆಣೆಯುವ ಹೆಂಗಸು ಅವರ ಕೈ ಹಿಡಿದು ಸಾಲಿನಲ್ಲಿ ಕೂರಿಸಿಬಿಟ್ಟಳು.

ಆ ಊಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಟೇಲಿನವರು ನೀರುಳ್ಳಿ ಹಾಕುವ ಮೊದಲೇ ಒಂದು ಪಾತ್ರೆ ಬೇಳೆ ತೆಗೆದಿಟ್ಟಿದ್ದರಂತೆ, ತಮ್ಮ ತಾಯಿಗೆಂದು ಮನೆಯಲ್ಲಿ ಮಾಡುವ ಅಭ್ಯಾಸದಿಂದ. ಅದನ್ನು ತಂದು ಟೀಚರ ಬಟ್ಟಲಿಗೆ ಸುರಿದರು. ಟೀಚರ್ ನೀರು ಸೋಸಿಕೊಂಡು, ಒಂದು ಕಣ್ಣು ಸೂರ್ಯನ ಮೇಲಿಟ್ಟು ಬೇಗ ಬೇಗ ಉಣ್ಣತೊಡಗಿದರು. ಎದುರಿನ ಸಾಲಿನ ಮುದುಕರೊಬ್ಬರು ಪಡುವಣಕ್ಕೆ ಮುಖ ಮಾಡಿ ಕೂತಿದ್ದರು. “ನಿಧಾನ ಉಣ್ಣಿ ಟೀಚರೇ. ಇನ್ನೂ ತೆಂಗಿನ ತಲೆಯಲ್ಲಿ ಉಂಟು” ಎಂದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು, “ಈಗ ಗೊನೆಗೆ ಇಳೀತು. ಇನ್ನೊಂದು ಸೌಟು ಹಾಕಿಸ್ಕೊಳ್ಳಿ, ಹೊತ್ತುಂಟು” ಎಂದರು. ಸಾಲಿನಿಂದ ಸಾಲಿಗೆ ಅದೇ ಆಟವಾಯಿತು. ಮಕ್ಕಳೂ ಸೇರಿ ಗದ್ದೆಯ ಎಲ್ಲರೂ ಸೂರ್ಯನನ್ನು ಕಾಯತೊಡಗಿದರು. ಟೀಚರ್ ನಗುತ್ತ, ಬಿಕ್ಕಳಿಸುತ್ತ ಉಂಡರು. ಅವರು ಕೈ ತೊಳೆದು ಬರುವವರೆಗೂ ಹೊಳೆಯ ಮೇಲೆ ಬೆಳಕಿತ್ತು.

ಊಟವಾದ ಮೇಲೆ ಮಾತಾಡುವ ಎಂದಿದ್ದೆವಲ್ಲ. ಹೊಟ್ಟೆ ತುಂಬಿದ ಮೇಲೆ ಯಾರಿಗೂ ಭಾಷಣ ಬೇಕಾಗಲಿಲ್ಲ. ಹೆಂಗಸರು ನೇಜಿ ನೆಡುವಾಗಿನ ಪದ ಹೇಳಿದರು, ಗಂಡಸರು ಕೇಳಿದರು. ಉಳಿದ ದಿನಗಳಲ್ಲಿ ಹೊಟೇಲಿನವರು ಕೊಪ್ಪರಿಗೆ ಕವುಚುವ ಮೊದಲು ಸೌಟು ಎತ್ತಿ, “ಉಣ್ಲಿಕ್ಕೆ ಯಾರಾದ್ರೂ ಬಾಕಿ ಉಂಟಾ?” ಎಂದು ಹೊಳೆಯಾಚೆಗೂ ಕೇಳುವ ಹಾಗೆ ಕೂಗುತ್ತಿದ್ದರು.

ಟೀಚರ್ ನನ್ನ ಮೇಲೆ ಸಿಟ್ಟು ಮಾಡಿದರು, ಇಲ್ಲವೆನ್ನುವುದಿಲ್ಲ. “ನಾನು ಕಲಿಸಿದ್ದು ಎಂತ, ನೀನು ಹೇಳಿದ್ದು ಎಂತ!”

“ದಾರಿಯಲ್ಲಿ ಉಂಟು ಅಂದಿರಲ್ಲ ಟೀಚರ್. ಬಂದದ್ದು ಅದು.”

ಅವರು ನಕ್ಕುಬಿಟ್ಟರು. “ಇನ್ನು ನಿನಗೆ ಭಾಷಣ ಮಾಡ್ಲಿಕ್ಕೆ ಇಲ್ಲ. ಆಯ್ತಲ್ಲ. ಆರಾಮ ಇರು” ಎಂದರು. ಉಳಿದ ದಿನ ನಾನು ಮಣ್ಣು ಹೊತ್ತು, ಉಂಡು, ಮಕ್ಕಳ ಹಾಗೆ ನಿದ್ದೆ ಮಾಡಿದೆ.

ಮುಂದೆ ಕೆಲವು ವರ್ಷಕ್ಕೆ ಅವರಿಗೆ ಮೂಡಬಿದ್ರೆಯ ಕಡೆಗೇ ವರ್ಗವಾಯಿತು. ನಿಮ್ಮ ಅಪ್ಪ ಹುಟ್ಟಿದಾಗ ಒಮ್ಮೆ ಬಂದಿದ್ದರು, ಅದೇ ಕೊಡೆ. ಮಗುವಿಗೆ ಮಾತು ತಡವಾಯಿತೆಂದು ನಾನು ಹೆದರಿದ್ದಾಗ ಏನು ಹೇಳಿ ಕಳಿಸಿದರೆಂದು ನೀವೇ ಊಹಿಸಿ.

ನಾವು ಶಿಬಿರದಿಂದ ತಿರುಗಿ ಬಂದ ದಿನ ಕತ್ತಲಾಗುತ್ತಿತ್ತು. ಬಂಟ್ವಾಳದಲ್ಲಿ ದೋಣಿ ಇಳಿದವರೇ, ಹೊಟೇಲಿನವರು ಕಟ್ಟಿಕೊಟ್ಟ ಬುತ್ತಿಯನ್ನು ಟೀಚರ್ ಬೆಳಕಿರುವಾಗಲೇ ಬಿಚ್ಚಿ ಉಂಡಿದ್ದರು. ಅತ್ತೆ ಅಂಗಳದಲ್ಲೇ ನಿಂತಿದ್ದರು. ಯಾರ ಪಕ್ಕ ಕೂತೆ ಎಂದು ಕೇಳಲಿಲ್ಲ. ನನ್ನ ಗಂಟನ್ನು ಕೈಯಿಂದ ತೆಗೆದುಕೊಳ್ಳುತ್ತ ಟೀಚರನ್ನು ಕೇಳಿದರು: “ಹೇಳಿದಳಾ? ನನ್ನ ಬಗ್ಗೆ?”

ನಾನು ಟೀಚರ ಮುಖ ನೋಡಿದೆ. ಟೀಚರ ಬಾಯಲ್ಲಿ ಸುಳ್ಳು ಬರಲಿಕ್ಕಿಲ್ಲ ಎಂದು ಗೊತ್ತಿತ್ತು.

“ನಿಮ್ಮ ಬಗ್ಗೆ ಮಾತ್ರ ಹೇಳಿದ್ದು” ಎಂದರು ಟೀಚರ್. “ಮನೆಯ ಬೇರೆ ಯಾರ ಬಗ್ಗೆಯೂ ಹೇಳ್ಲಿಲ್ಲ.”

ಅತ್ತೆಗೆ ನಾಚಿಕೆಯಾಗಿ, “ಹೋಗಿ ಆಚೆ” ಎಂದು ಒಳಗೆ ನಡೆದರು. ಆ ರಾತ್ರಿ ಎಲ್ಲರ ಊಟವಾದ ಮೇಲೆ ಜಗಲಿಗೆ ಬಂದು, ದಿನಕ್ಕಿಂತ ಸ್ವಲ್ಪ ಜೋರಾಗಿಯೇ ಕೂಗಿದರು. ಅಂಗಳದ ಆಚೆ ಬದಿಯ ಕೋಣೆಯಿಂದ, “ನನ್ನದಾಯ್ತು!” ಎಂದು ಉತ್ತರ ಬಂತು. ನಾನು ಒಳಗೆ ಹೋಗಿ ಕೆಂಡಕ್ಕೆ ಬೂದಿ ಮುಚ್ಚಿದೆ.